ಒತ್ತಕ್ಷರಕ್ಕೆ ಜಾಗ

೧-೮-೮೮, ಸೋಮವಾರ

ಇವತ್ತೂ ಪರದೆ ಖಾಲಿ. ಬೋರ್ಡಿನ ಕೆಂಪು ದೀಪ ಮಿನುಗುತ್ತಿದೆ, ಅಂದರೆ ಪ್ರೋಗ್ರಾಂ ಓಡುತ್ತಿದೆ. ಎಲ್‌ಸಿಡಿ ಮಾತ್ರ ಬರೀ ಬೂದು ಗಾಜು. ವೈರುಗಳನ್ನೆಲ್ಲ ಮತ್ತೊಮ್ಮೆ ಎಳೆದು ನೋಡಿದೆ. ಸರಿಯಾಗಿವೆ. ಆದರೂ ಖಾಲಿ.

ಬಾಂಬೆಯ ಡೀಲರ್ ಕಳಿಸಿದ ಸ್ಯಾಂಪಲ್ ಇದು. ಜಪಾನಿನದು. ಅಂಗೈಯಲ್ಲಿ ಹಿಡಿಸುತ್ತದೆ. ಅಡ್ಡಕ್ಕೆ ನೂರ ಇಪ್ಪತ್ತೆಂಟು ಚುಕ್ಕಿ, ಎತ್ತರಕ್ಕೆ ಅರವತ್ನಾಲ್ಕು. ಅಕ್ಷರ ಅಂತ ಅದಕ್ಕೆ ಏನೂ ಗೊತ್ತಿಲ್ಲ — ಇಂಗ್ಲಿಷೂ ಇಲ್ಲ. ಯಾವ ಚುಕ್ಕಿ ಕಪ್ಪಾಗಬೇಕು ಅಂತ ನಾವು ಹೇಳಬೇಕು.

ಚನ್ನಮಲ್ಲಯ್ಯನವರಿಗೆ ಆತುರ. ಮಧುಗಿರಿಯ ಅವರ ಈ ಶೆಡ್ಡಿನಿಂದ ಶಿರಾ, ಪಾವಗಡದ ಎಣ್ಣೆ ಮಿಲ್ಲುಗಳಿಗೆ ತೂಕದ ಯಂತ್ರ ಹೋಗುತ್ತದೆ. ಬೆಳಿಗ್ಗೆ ಬಂದು ಬೆನ್ನ ಹಿಂದೆ ನಿಂತರು. “ಅಂಕಿ ಎಲ್ಲಾರೂ ತೋರಿಸ್ತಾರೆ ಅಂಜನಪ್ಪ. ನಮ್ದರಲ್ಲಿ ‘ತೂಕ’ ಅಂತ ಕನ್ನಡದಲ್ಲೇ ಬರ್ಬೇಕು. ಕಡ್ಲೆಕಾಯಿ ಮೂಟೆ ಹೊತ್ಕಂಡು ಬಂದೋನು ಓದ್ಕಂಡು ಹೋಗ್ಬೇಕು.”

ಹೂಂ ಸಾರ್ ಅಂದೆ. ಮೊದಲು ಒಂದು ಚುಕ್ಕಿ ಬರಲಿ.

೩-೮-೮೮

ಬಂತು!

ಈ ಗಾಜಿಗೆ ಮೈನಸ್ ವೋಲ್ಟೇಜ್ ಬೇಕಂತೆ, ಕಪ್ಪು ಏರಿಸಲು. ಡೀಲರನ ಹಾಳೆಯ ಮೂಲೆಯಲ್ಲಿ ಸಣ್ಣಕ್ಕೆ ಬರೆದಿತ್ತು. ಕೊಟ್ಟ ಕೂಡಲೇ ಇಡೀ ಪರದೆ ಮಸಿಯಾಯಿತು. ತಿರುಪು ತಿರುಗಿಸಿ ಹದಕ್ಕೆ ತಂದೆ. ಆಮೇಲೆ ಎಡ ಮೂಲೆಯಲ್ಲಿ ಒಂದೇ ಒಂದು ಚುಕ್ಕಿ ಹಾಕಿಸಿದೆ. ಸಾಸಿವೆಕಾಳಿಗಿಂತ ಸಣ್ಣದು. ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ. ಕಾಫಿ ಆರಿಹೋಗಿತ್ತು.

೫-೮-೮೮

‘ತ’ವನ್ನು ಗ್ರಾಫ್ ಹಾಳೆಯಲ್ಲಿ ಬರೆದೆ. ಹದಿನಾರು ಚೌಕ ಅಗಲ, ಹದಿನಾರು ಎತ್ತರ. ಚೌಕ ತುಂಬಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಸಿ ಭಾಷೆಯ ಪ್ರೋಗ್ರಾಮಿನಲ್ಲಿ ಸಾಲಾಗಿ ತುಂಬಿ, ಪಿಸಿಯಲ್ಲಿ ಯಂತ್ರದ ಭಾಷೆಗೆ ಕಂಪೈಲ್ ಮಾಡಿ, ಅದನ್ನು ಚಿಪ್ಪಿನೊಳಗೆ ಸುಟ್ಟು ತುಂಬಿಸಿ, ಬೋರ್ಡಿಗೆ ಸಿಕ್ಕಿಸಿ — ನೋಡಿದರೆ ಮೇಲಿನ ಅರ್ಧ ತಲೆಕೆಳಗು, ಕೆಳಗಿನ ಅರ್ಧವೂ ತಲೆಕೆಳಗು. ‘ತ’ ಅಲ್ಲ ಅದು, ಗಾಲಿಗೆ ಸಿಕ್ಕ ಓತಿಕ್ಯಾತ.

ಎಂಟೆಂಟು ಚುಕ್ಕಿಗೆ ಒಂದು ಕಂಬ. ನಾನು ಕೆಳಗಿನಿಂದ ಎಣಿಸಿದ್ದೆ, ಅದು ಮೇಲಿನಿಂದ ಎಣಿಸುತ್ತದೆ. ಹಳೆಯದನ್ನು ಅಳಿಸಲು ಚಿಪ್ಪನ್ನು ನೇರಳೆ ದೀಪದ ಪೆಟ್ಟಿಗೆಯಲ್ಲಿಟ್ಟು ಕಾದೆ. ಮತ್ತೆ ಸುಟ್ಟೆ. ಈಗ ‘ತ’ ತನ್ನ ಕಾಲ ಮೇಲೆ ನಿಂತಿದೆ.

೬-೮-೮೮, ಶನಿವಾರ

‘ತೂಕ’ ಬಂತು. ನಡುವಿನಲ್ಲಿ ಅಕ್ಷರ ಎರಡು ಹೋಳಾಗುತ್ತಿತ್ತು — ಈ ಗಾಜನ್ನು ಎರಡು ಚಿಪ್ಪುಗಳು ಅರ್ಧರ್ಧ ನೋಡಿಕೊಳ್ಳುತ್ತವೆ, ಗಡಿ ದಾಟುವಾಗ ಇನ್ನೊಂದಕ್ಕೆ ಹೇಳಬೇಕು. ಅದನ್ನೂ ಸರಿಮಾಡಿದೆ. ಚನ್ನಮಲ್ಲಯ್ಯನವರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. “ಭೇಷ್” ಅಂದರು.

ಗುಣಿತದ ಚಿಹ್ನೆ ಅಕ್ಷರದ ಪಕ್ಕದಲ್ಲೇ ಕೂರುತ್ತದೆ. ಅಂದವಾಗಿಲ್ಲ, ಓದಬಹುದು. ಒತ್ತಕ್ಷರಕ್ಕೆ ಮಾತ್ರ ಜಾಗ ಇಲ್ಲ. ಸಾಲಿನ ಎತ್ತರ ಹದಿನಾರಕ್ಕೇ ಮುಗಿಯುತ್ತದೆ. ಬಿಟ್ಟೆ. ತೂಕಕ್ಕೂ ಬೇಡ, ಕಿಲೋಗೂ ಬೇಡ.

ಉತ್ಸಾಹದಲ್ಲಿ ‘ಅ’ದಿಂದ ‘ಳ’ವರೆಗೆ ಎಲ್ಲ ಬರೆದುಬಿಟ್ಟೆ. ಒಂದಾದ ಮೇಲೊಂದು ಬಂದು ಹೋಗುತ್ತವೆ. ನಾಳೆ ಅಕ್ಕನ ಮನೆಗೆ ಒಯ್ದು ತೋರಿಸಬೇಕು. ಕೇಳಿದೆ. “ಗಾಜು ಹುಷಾರು” ಅಂದರು ಚನ್ನಮಲ್ಲಯ್ಯನವರು, ಅಷ್ಟೆ.

೭-೮-೮೮, ಭಾನುವಾರ. ರಾತ್ರಿ ಊಟಕ್ಕೆ ಮುಂಚೆ

ಬೆಳಿಗ್ಗೆಯೇ ಹೋದೆ. ಚನ್ನರಾಯನದುರ್ಗದ ಕ್ರಾಸಿನಲ್ಲಿ ಇಳಿದು, ಬೆಟ್ಟದ ಬುಡದ ಹಟ್ಟಿಗೆ ನಡಿಗೆ. ಅಕ್ಕ ಭೀಮಕ್ಕ ಸೊಂಟ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಹದಿನೈದು ವರ್ಷದ ಮಗಳನ್ನು ದಿನಾ ಎತ್ತಿ ಇಳಿಸಿ ಅವಳ ಸೊಂಟ ಹೋಗಿದೆ.

ಆ ಮಗಳು, ಕರಿಯಕ್ಕ, ಜಗುಲಿಯ ಮೇಲೆ ಗೋಣಿತಾಟಿನಲ್ಲಿ ಮಲಗಿದ್ದಳು. ಹುಟ್ಟಿದಾಗಿನಿಂದ ಕತ್ತು, ಕೈ ಅವಳು ಹೇಳಿದ ಮಾತು ಕೇಳುವುದಿಲ್ಲ. ಬಾಯಿಂದ ಒಂದು ಪದ ಬಂದಿಲ್ಲ. ಎಡಗಾಲು ಒಂದೇ ಸ್ವಲ್ಪ ಸ್ವಾಧೀನ. ನನ್ನನ್ನು ಕಂಡರೆ ನಗುತ್ತಾಳೆ. ಇವತ್ತು ನಗಲಿಲ್ಲ. ಊಟದ ಹೊತ್ತಿಗೆ ಅರಚಾಟ ಶುರುವಾಯಿತು. ಯುಗಾದಿಯಿಂದ ಹೀಗೇ ಅಂತೆ — ತುತ್ತು ಇಟ್ಟರೆ ಕಿರುಚುತ್ತಾಳೆ, ತಲೆಯನ್ನು ಗೋಡೆಗೆ ಬಡಿಯುತ್ತಾಳೆ, ಹಟ್ಟಿಗೆಲ್ಲ ಕೇಳಿಸುತ್ತದೆ. ಮೂರು ಕಡೆ ತಾಯತ ಕಟ್ಟಿಸಿದ್ದಾರೆ.

ಭಾವ ಕ್ಯಾತಪ್ಪ ಕುರಿ ಹೊಡೆದುಕೊಂಡು ಹೋಗಿದ್ದ. ಅವನ ಅಣ್ಣ, ಮನೆಯ ಯಜಮಾನ ದಾಸಣ್ಣ ಇದ್ದ. ತಾನೇ ವಿಷಯ ತೆಗೆದ. “ನೋಡು ಅಂಜನಪ್ಪ. ಇಂಥೋರ್ನ ಸೇರಿಸ್ಕಳೋ ಆಶ್ರಮ ಐತಂತೆ, ದಾವಣಗೆರೆ ಕಡೆ. ದೀಪಾವಳಿ ಕಳೀಲಿ, ಬುಟ್ಟು ಬರಾನ. ನಿಮ್ಮಕ್ಕನೂ ಬದುಕ್ಬೇಕಲ್ಲಪ್ಪ.” ಕೆಟ್ಟ ಮನುಷ್ಯ ಅಲ್ಲ. ಅಕ್ಕ ಒಲೆಯ ಕಡೆ ಮುಖ ಮಾಡಿಕೊಂಡಿದ್ದಳು.

ಮಾತು ಬದಲಾಯಿಸಲು ಬ್ಯಾಟರಿ ಸಿಕ್ಕಿಸಿ ಅಕ್ಷರ ತೋರಿಸಿದೆ. ಕರಿಯಕ್ಕನ ಕಣ್ಣು ಅದರ ಮೇಲೇ. ಅರಚಾಟ ನಿಂತಿತು. ಆಮೇಲೆ ಇದ್ದಕ್ಕಿದ್ದಂತೆ “ಹೇ!” ಅಂತ ಒಂದು ಕೂಗು. ಗದರಿಸಿದ ಹಾಗೆ. ಮತ್ತೆ ಸುಮ್ಮನೆ. ಅಕ್ಷರಗಳು ಒಂದು ಸುತ್ತು ಬಂದವು. ಮತ್ತೆ “ಹೇ!” ದಾಸಣ್ಣ, “ಹೆದರ್ಕತದೆ, ತೆಗಿ ಅತ್ಲಾಗೆ” ಅಂದ. ತೆಗೆದೆ.

ಬಸ್ಸಿನಲ್ಲಿ ಬರುವಾಗ ಯೋಚನೆ. ಎರಡು ಸಲವೂ ‘ತ ಥ’ ಆದ ಮೇಲೇ ಕೂಗಿದಳು. ರೂಮಿಗೆ ಬಂದು ಹಾಕಿ ನೋಡಿದೆ. ತ, ಥ, ಧ, ದ, ನ.

‘ದ’ಕ್ಕಿಂತ ಮುಂಚೆ ‘ಧ’ ಹಾಕಿಬಿಟ್ಟಿದ್ದೇನೆ.

ಇರಲಾರದು. ಕಾಕತಾಳೀಯ ಇರಬೇಕು.

೧೪-೮-೮೮, ಭಾನುವಾರ

ಕಾಕತಾಳೀಯ ಅಲ್ಲ.

‘ದ ಧ’ ಸರಿಮಾಡಿಕೊಂಡು ಹೋದೆ. ಯಾರಿಗೂ ಏನೂ ಹೇಳಲಿಲ್ಲ. ಅಕ್ಷರ ಓಡಿಸಿದೆ. ಕರಿಯಕ್ಕ ಕೊನೆವರೆಗೂ ಸದ್ದಿಲ್ಲ. ‘ತ’ ವರ್ಗ ದಾಟಿದಾಗ ಒಂದು ಸಣ್ಣ ನಗು. ಇನ್ನೊಂದು ಚಿಪ್ಪು ತಂದಿದ್ದೆ. ಅದರಲ್ಲಿ ಬೇಕೆಂದೇ ‘ಭ’ ಬಿಟ್ಟಿದ್ದೆ. ಸಿಕ್ಕಿಸಿದೆ. ಪ, ಫ, ಬ, ಮ — “ಹೇ!”

ಅಕ್ಕನನ್ನು ಕೂಗಿದೆ.

“ಅಕ್ಕ, ಇವಳಿಗೆ ಓದೋಕೆ ಬರುತ್ತೆ.”

“ಏನ್ಲಾ ಅಂತೀಯ? ಯಾರ್ಲಾ ಕಲಿಸಿದ್ರು?”

ಯಾರೂ ಕಲಿಸಿಲ್ಲ. ಆದರೆ ಹಟ್ಟಿಯ ರಾತ್ರಿ ಶಾಲೆ ಮೂರು ವರ್ಷ ನಡೆದದ್ದು ಈ ಜಗುಲಿಯಲ್ಲೇ, ಬೀದಿ ದೀಪ ಇದರ ಎದುರಿಗೇ ಇದೆ ಅಂತ. ಸಿದ್ದಗಂಗಯ್ಯ ಮೇಷ್ಟ್ರು ಹಲಗೆ ಒರಗಿಸಿ ದೊಡ್ಡವರಿಗೆಲ್ಲ ಅಕ್ಷರ ಹೇಳಿಕೊಡುತ್ತಿದ್ದರು. ಕರಿಯಕ್ಕ ಗೋಣಿತಾಟಿನ ಮೇಲೆ ಅಲ್ಲೇ ಇರುತ್ತಿದ್ದಳು. ಅವಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಭಾವ ಕ್ಯಾತಪ್ಪ ಕಷ್ಟಪಟ್ಟು ಗುಣಿತದವರೆಗೆ ಬಂದು ಒತ್ತಕ್ಷರದ ಹತ್ತಿರ ಬಿಟ್ಟಿದ್ದ. ಅಕ್ಕ ರೊಟ್ಟಿ ತಟ್ಟುತ್ತಿದ್ದಳು, ಕಲಿಯಲೇ ಇಲ್ಲ.

ದಾಸಣ್ಣ ನಂಬಲಿಲ್ಲ. “ಮಿಣಿಮಿಣಿ ಅಂದ್ರೆ ಕೂಗ್ತದೆ. ಮೇಕೆಮರೀನೂ ಕೂಗ್ತದೆ ಕಣಯ್ಯ.”

೧೬-೮-೮೮

ಚನ್ನಮಲ್ಲಯ್ಯನವರಿಗೆ ಎಲ್ಲ ಹೇಳಿದೆ. ಅವರು ಗಾಜನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ, “ಮಿಲ್ಲಿನ ಕೆಲಸ ನಿಲ್ಬಾರ್ದು. ಉಳಿದಿದ್ದಕ್ಕೆ ನಾನೇನೂ ಕೇಳಲ್ಲ. ಆ ಗಾಜು ನೀನೇ ಇಟ್ಕೋ, ಇನ್ನೊಂದು ತರಿಸ್ತೀನಿ” ಅಂದರು.

ಯೋಚನೆ ಹೀಗೆ. ಕೈಯಾಗದು, ಎಡಗಾಲು ಇದೆ. ಕಾಲ ಕೆಳಗೆ ಒಂದು ಸ್ವಿಚ್. ಪರದೆಯ ಮೇಲಿನ ಸಾಲಿನಲ್ಲಿ ‘ಅ ಕ ಚ ಟ ತ ಪ ಯ’ ಮತ್ತು ಗುಣಿತ — ಎಂಟು ಮನೆ, ಎಂಟು ಹದಿನಾರಲಿ ನೂರ ಇಪ್ಪತ್ತೆಂಟು, ಅಳೆದು ಮಾಡಿದ ಹಾಗೆ ಕೂತಿತು. ಒಂದು ಗೆರೆ ಮನೆಯಿಂದ ಮನೆಗೆ ನಿಧಾನವಾಗಿ ಸರಿಯುತ್ತದೆ. ‘ತ’ದ ಕೆಳಗೆ ಬಂದಾಗ ಒತ್ತಿದರೆ ‘ತ ಥ ದ ಧ ನ’ ತೆರೆದುಕೊಳ್ಳುತ್ತದೆ. ಮತ್ತೆ ಒತ್ತಿದರೆ ಆ ಅಕ್ಷರ ಕೆಳಗಿನ ಸಾಲಿಗೆ ಇಳಿಯುತ್ತದೆ. ಕೆಳಗೆ ಬರೆಯಲು ಮೂರು ಸಾಲು.

ಹಲಗೆಯ ಮೇಲೆ ಅಕ್ಷರ ಬರೆದು ನಾನೇ ಬೆರಳು ಇಡುತ್ತಾ ಹೋಗಬಹುದಿತ್ತು. ಆದರೆ ಆಗ ದಾಸಣ್ಣ, ನೀನೇ ಓದಿಸುತ್ತೀಯ ಅನ್ನುತ್ತಾನೆ. ಯಾರ ಕೈಯೂ ತಾಗಬಾರದು.

೪-೯-೮೮, ಭಾನುವಾರ

ಗಾಜು, ಬೋರ್ಡು, ಬ್ಯಾಟರಿ ಎಲ್ಲ ಸೇರಿಸಿದ ಪೆಟ್ಟಿಗೆ ತಯಾರು. ಇವತ್ತು ಮೊದಲ ಸಲ.

ಗೆರೆ ಬೇಗ ಓಡುತ್ತಿತ್ತು. ಅವಳು ಒತ್ತುವಷ್ಟರಲ್ಲಿ ಮುಂದಿನ ಮನೆ. ‘ಟ’ ಬೇಕೆಂದರೆ ‘ತ’. ಸಿಟ್ಟಿನಿಂದ ಕಾಲಲ್ಲಿ ಒದ್ದು ಸ್ವಿಚ್ ಹಾರಿಸಿದಳು. ಜಗುಲಿಯ ಕೆಳಗೆ ಬಿತ್ತು. ಕೋಳಿಗಳು ಓಡಿದವು. ಭಾವ ಎತ್ತಿಕೊಟ್ಟ.

ನಿಧಾನ ಮಾಡಬೇಕು. ಇನ್ನೂ ನಿಧಾನ. ಸ್ವಿಚ್ಚನ್ನು ಹಲಗೆಗೆ ತಿರುಪು ಹಾಕಿ ಕೂರಿಸಬೇಕು. ಅವಳ ಕಾಲು ನಡುಗಿ ಎರಡು ಸಲ ಒತ್ತಿಹೋಗುತ್ತದೆ, ಒಂದೇ ಅಂತ ಎಣಿಸಬೇಕು.

ಅಕ್ಕ, “ಇವತ್ತು ಅರ್ಧ ದಿನ ಅರಚಿಲ್ಲ ಕಣ್ಲಾ. ಅಷ್ಟಾದ್ರೂ ಆಯ್ತಲ್ಲ” ಅಂದಳು.

೧೧-೯-೮೮, ಭಾನುವಾರ

ಬರೆದಳು. ಕರಿಯಕ್ಕ ಬರೆದಳು!

ಮೊದಲು ‘ಹ’. ಎಷ್ಟೋ ಹೊತ್ತಾದ ಮೇಲೆ ‘ಲ’. ಆಮೇಲೆ ಕೊಂಬು. ‘ಹಲು’. ಮುಖವೆಲ್ಲ ಬೆವರು. ಭಾವ ಬಗ್ಗಿ ನೋಡಿ, “ಹ... ಲು... ಹಲು? ಹಾಲು ಕಣೇ! ಹಾಲು ಕೇಳ್ತಾವ್ಳೆ!” ಅಂತ ಕುಣಿದ. ದೀರ್ಘ ತಪ್ಪಿಸಿಕೊಂಡಿದ್ದಾಳೆ ಅಂದುಕೊಂಡೆ. ಅಕ್ಕ ಮೇಕೆ ಹಾಲನ್ನೇ ಕರೆದು, ಬೆಲ್ಲ ಹಾಕಿ, ಬಿಸಿಬಿಸಿಯಾಗಿ ತಂದಳು. ಮಗಳು ಹುಟ್ಟಿದ ಮೇಲೆ ಮೊದಲ ಸಲ ತಾನಾಗಿ ಒಂದು ಕೇಳಿದ್ದಾಳೆ — ಅಕ್ಕನ ಮುಖ ನೋಡಬೇಕಿತ್ತು.

ಒಂದು ಗುಟುಕು. ಅಷ್ಟೆ. ಅಂಥ ಕೂಗು ನಾನು ಇದುವರೆಗೆ ಕೇಳಿರಲಿಲ್ಲ. ಲೋಟ ಹಾರಿತು. ತಲೆಯನ್ನು ಕಂಬಕ್ಕೆ ಬಡಿದುಕೊಂಡಳು, ಹಣೆಯಲ್ಲಿ ರಕ್ತ. ನಾಲ್ಕು ಜನ ಹಿಡಿದೆವು.

ದಾಸಣ್ಣ ಬೈಯಲಿಲ್ಲ. ಅದೇ ಹೆಚ್ಚು ನೋವಾಯಿತು. “ಸುಮ್ಕೆ ಆಸೆ ಹುಟ್ಟಿಸ್ಬ್ಯಾಡ ಅಂಜನಪ್ಪ, ನಿಮ್ಮಕ್ಕಂಗೆ. ಎತ್ಕಂಡೋಗು” ಅಂದ.

ಪೆಟ್ಟಿಗೆ ಎತ್ತಿಕೊಂಡು ಬಂದೆ.

೩-೧೦-೮೮, ಸೋಮವಾರ

ಇಷ್ಟು ದಿನ ಈ ಪುಸ್ತಕ ಮುಟ್ಟಲಿಲ್ಲ. ಬರೆಯಲು ಏನೂ ಇರಲಿಲ್ಲ. ಮಿಲ್ಲಿನ ಕೆಲಸ, ರೂಮು, ನಿದ್ದೆ.

ನಿನ್ನೆಯದನ್ನು ಬರೆಯಲೇಬೇಕು.

ಶನಿವಾರ ಭಾವನೇ ಸಂತೆಗೆ ಬಂದವನು ಶೆಡ್ಡಿಗೆ ಬಂದ. “ಆ ಪೆಟ್ಟಿಗೆ ತಗಂಡ್ ಬಾರಪ್ಪ ನಾಳೆ. ಅದು ಹೋದ್ ದಿನದಿಂದ ಎಡಗಾಲ್ನ ನೆಲಕ್ಕೆ ಕುಟ್ತಾನೇ ಅವ್ಳೆ. ನೋಡಕ್ಕಾಯ್ತಿಲ್ಲ.” ಹೋದೆ.

ಕಾಲ ಬಳಿ ಸ್ವಿಚ್ ಇಟ್ಟಿದ್ದೇ ತಡ, ಶುರು ಮಾಡಿದಳು. ಗೆರೆಯನ್ನು ನಿಧಾನ ಮಾಡಿದ್ದೆ, ಈ ಸಲ ತಪ್ಪಲಿಲ್ಲ. ದಾಸಣ್ಣ ಕಂಬಕ್ಕೆ ಒರಗಿ ನೋಡುತ್ತಿದ್ದ. ಭಾವ ಒಂದೊಂದೇ ಅಕ್ಷರ ಓದಿದ. “ದೊ... ಡ... ಪ. ದೊಡಪ? ಯಾವನ್ಲಾ ಇವ್ನು ದೊಡಪ?”

ಅಕ್ಕ ಒಳಗಿನಿಂದಲೇ, “ದೊಡ್ಡಪ್ಪ ಅಂತಿರ್ಬೇಕು!” ಅಂದಳು.

ದಾಸಣ್ಣ ನೆಟ್ಟಗಾದ. ಗೆರೆ ಮತ್ತೆ ಹೊರಟಿತು. “ಬೀ... ಡಿ. ದೊಡ್ಡಪ್ಪ... ಬೀಡಿ.”

ಕೊರಟಗೆರೆ ಡಾಕ್ಟರು ದಾಸಣ್ಣನ ಕೆಮ್ಮಿಗೆ ಬೀಡಿ ಬಿಡಲೇಬೇಕು ಅಂದಿದ್ದರು. ಹೋದ ಕಾರ್ತಿಕದಲ್ಲಿ ಮನೆಯವರೆಲ್ಲರ ಮುಂದೆ ಆಣೆ ಇಟ್ಟು ಬಿಟ್ಟಿದ್ದ. ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ಭಾವ! ಬುಟ್ಬುಟ್ಟೆ ಅಂದಿದ್ರಲ್ಲ!”

ದಾಸಣ್ಣ ಟವೆಲಿನಿಂದ ಮುಖ ಒರೆಸಿಕೊಂಡ. “ಮಧ್ಯಾನ ಎಲ್ಲಾ ಹೊಲದ ತಾವ ಇರ್ತೀರ. ಮನೇಲಿ ಯಾರೂ ಇರಲ್ಲ ಅಂತ ರಾಗಿ ವಾಡೆ ಹಿಂದೆ ಒಂದೇ ಒಂದು...” ಅಂದವನು ಅಲ್ಲೇ ನಿಂತ. ಯಾರೂ ಇರಲ್ಲ ಅಂದದ್ದು ಅವನಿಗೇ ಕೇಳಿಸಿತು. ಮೆಲ್ಲಗೆ ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. “ದಿನಾ ನೋಡ್ತಿದ್ದೇನವ್ವ ನೀನು?”

ಕರಿಯಕ್ಕ ಮೈಯೆಲ್ಲ ಅಲುಗುವ ಹಾಗೆ ನಕ್ಕಳು. ದಾಸಣ್ಣನೂ ನಕ್ಕ. ನಗುತ್ತಾ ಕೆಮ್ಮಿದ, ಕೆಮ್ಮುತ್ತಾ ಅತ್ತ.

ಸಂಜೆ ಬಸ್ಸು ಹತ್ತಿದೆ. ಒಬ್ಬನೇ ನಗುತ್ತಿದ್ದೆ — ದೊಡಪ, ದೊಡಪ. ಪಾಪ, ಒತ್ತಕ್ಷರ ನಾನು ಕೊಟ್ಟಿದ್ದರೆ ತಾನೇ? ಎರಡು ಒತ್ತು ಇಲ್ಲದೆಯೇ ಅಕ್ಕ ಸರಿಯಾಗಿ ಅರ್ಥ ಮಾಡಿಕೊಂಡಳು. ಹಾಗಾದರೆ...

‘ಹಲು’.

ದೀರ್ಘ ಇತ್ತು. ಬೇಕಾಗಿದ್ದರೆ ಹಾಕುತ್ತಿದ್ದಳು. ಇಲ್ಲದಿದ್ದದ್ದು ಒತ್ತು. ಹಾಲಲ್ಲ. ಹಲ್ಲು.

“ನಿಲ್ಸಿ!” ಅಂತ ಕೂಗಿಬಿಟ್ಟೆ. ಕಂಡಕ್ಟರ್ ಗೊಣಗಿದ. “ಮಧುಗಿರಿಗೆ ಟಿಕೆಟ್ ತಗಂಡು ಇಲ್ಯಾಕಪ್ಪ ಇಳೀತೀಯ?” ಇಳಿದೆ. ಓಡಿದೆ. ಸಾಕಾದಾಗ ನಡೆದೆ, ಮತ್ತೆ ಓಡಿದೆ. ಹಟ್ಟಿ ಸೇರಿದಾಗ ದೀಪ ಹಚ್ಚುತ್ತಿದ್ದರು. ಚಪ್ಪಲಿಯನ್ನೂ ಬಿಡದೆ ಜಗುಲಿ ಹತ್ತಿ ಕೇಳಿದೆ: “ಕರಿಯಕ್ಕ, ಹಲ್ಲು ನೋವಾ?”

ಸ್ವಿಚ್ ಇನ್ನೂ ಅವಳ ಕಾಲ ಬಳಿಯೇ ಇತ್ತು. ಒತ್ತಿದಳು. ಒತ್ತಿದಳು, ಒತ್ತಿದಳು, ಒತ್ತುತ್ತಲೇ ಇದ್ದಳು. ಕಣ್ಣಲ್ಲಿ ನೀರು.

ಭಾವ ಟಾರ್ಚ್ ಹಿಡಿದ, ಅಕ್ಕ ಚಮಚದ ಹಿಡಿಯಿಂದ ಕೆನ್ನೆ ಸರಿಸಿದಳು. ಒಳಗಡೆ, ಬಲಗಡೆಯ ಕೊನೆಯಲ್ಲಿ, ಇದ್ದಿಲಿನಂಥ ಹಲ್ಲು. ಸುತ್ತ ವಸಡು ಕೆಂಪಗೆ ಊದಿತ್ತು. ಅಕ್ಕ ಚಮಚ ಕೆಳಗೆ ಹಾಕಿದಳು. “ನಾನು ಅನ್ನ ತುರುಕ್ತಿದ್ನಲ್ಲೋ... ಬಾಯಿ ಅದುಮಿ ತುರುಕ್ತಿದ್ನಲ್ಲೋ...”

ಅಕ್ಕನನ್ನು ಸಮಾಧಾನ ಮಾಡಿದ್ದು ದಾಸಣ್ಣ. “ಯಾರ್ಗೆ ಗೊತ್ತಿತ್ತು ಬುಡವ್ವ. ಈಗ ಗೊತ್ತಾಯ್ತಲ್ಲ.”

೪-೧೦-೮೮, ಮಂಗಳವಾರ

ಚನ್ನಮಲ್ಲಯ್ಯನವರು ಶೆಡ್ಡಿನ ಮೆಟಡಾರ್ ಕೊಟ್ಟರು. ಮಂಗಳವಾರ ತುಮಕೂರಿನಿಂದ ಹಲ್ಲಿನ ಡಾಕ್ಟರು ಮಧುಗಿರಿಗೆ ಬರುತ್ತಾರೆ. ಅಲ್ಲಿಗೆ ಕರೆದುಕೊಂಡು ಹೋದೆವು. ನಿದ್ದೆಗೆ ಇಂಜೆಕ್ಷನ್ ಕೊಟ್ಟು ಎರಡು ಹಲ್ಲು ತೆಗೆದರು. ಕೀವು ದವಡೆಗೆ ಇಳಿಯುತ್ತಿತ್ತಂತೆ. ಡಾಕ್ಟರು ಕೈ ತೊಳೆಯುತ್ತಾ ಹೇಳಿದರು: “ದೊಡ್ಡೋರಾಗಿದ್ರೆ ಒಂದಿನ ತಡೀತಿರ್ಲಿಲ್ಲ. ಇಷ್ಟು ತಿಂಗಳು ಹೆಂಗಮ್ಮ ತಡ್ಕೊಂಡ್ಳು? ಸದ್ಯ, ಈಗ್ಲಾದ್ರೂ ತಂದ್ರಿ. ಇನ್ನೇನೂ ಭಯ ಇಲ್ಲ.”

ಇನ್ನೇನೂ ಭಯ ಇಲ್ಲ. ಹೊರಗೆ ಬೇವಿನ ಮರದ ಕೆಳಗೆ ನಿಂತು ಆ ಮಾತನ್ನೇ ಮತ್ತೆ ಮತ್ತೆ ಹೇಳಿಕೊಂಡೆ. ಹೊಟ್ಟೆ ಹಸಿದಿತ್ತು. ಬೆಳಿಗ್ಗೆಯಿಂದ ತಿಂದಿರಲಿಲ್ಲ ಅಂತ ಆಗ ಗೊತ್ತಾಯಿತು.

ವಾಪಸ್ ಹೋಗುವಾಗ ಕರಿಯಕ್ಕ ಅಕ್ಕನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದಳು. ಕೆನ್ನೆ ಊದಿತ್ತು, ಹುಬ್ಬು ಸಡಿಲವಾಗಿತ್ತು. ಅವಳ ಹುಬ್ಬು ಸಡಿಲವಾದರೆ ಹೀಗಿರುತ್ತದೆ ಅಂತ ಮರೆತೇಹೋಗಿತ್ತು ನಮಗೆ.

೧೬-೧೦-೮೮, ಭಾನುವಾರ

ಮುದ್ದೆ ತಿಂದಳು! ಅವರೆಕಾಳು ಸಾರಿನಲ್ಲಿ ಅದ್ದಿ ಅದ್ದಿ ಅಕ್ಕ ಕೊಟ್ಟಳು, ಇವಳು ನುಂಗಿದಳು. ಎರಡನೇ ಸಲ ಹಾಕಿಸಿಕೊಂಡಳು. ಹನ್ನೆರಡು ದಿನದಿಂದ ಹಟ್ಟಿಯಲ್ಲಿ ಅರಚಾಟ ಇಲ್ಲ. ಪಕ್ಕದ ಮನೆಯವರು ಏನಾಯಿತೋ ಅಂತ ಹೆದರಿ ನೋಡಲು ಬಂದಿದ್ದರಂತೆ.

ಭಾವ ತಾಯತಗಳನ್ನು ಬಿಚ್ಚಿದ. ಎಸೆಯಲಿಲ್ಲ, ಗೂಟಕ್ಕೆ ನೇತುಹಾಕಿದ್ದಾನೆ.

೨೨-೧೦-೮೮. ಪಾವಗಡ

ಮಿಲ್ಲಿಗೆ ಯಂತ್ರ ಕೂರಿಸಲು ಬಂದಿದ್ದೇನೆ. ‘ತೂಕ’ ಬಂದ ಕೂಡಲೇ ಹಮಾಲಿಗಳೆಲ್ಲ ಬಂದು ಸುತ್ತ ನಿಂತರು. ಒಬ್ಬ ಓದಿದ, ಉಳಿದವರು ಭೇಷ್ ಅಂದರು. ಮಿಲ್ಲಿನ ಯಜಮಾನ ಗಾಜು ತಟ್ಟಿ ನೋಡಿ ಕೇಳಿದ: “ಬಾಗುಂದಿ ಸ್ವಾಮಿ. ತೆಲುಗುಲೋ ರಾದಾ?”

ತೆಲುಗಿನಲ್ಲೂ ಬರಬೇಕೆಂದರೆ ಅದಕ್ಕೂ ಒಂದು ಗ್ರಾಫ್ ಹಾಳೆ ಬೇಕು. ಮೊದಲು ನನ್ನ ಒತ್ತಕ್ಷರ ಮುಗಿಯಲಿ.

ಲಾಡ್ಜಿನಲ್ಲಿ ಕೂತು ಲೆಕ್ಕ ಹಾಕಿದೆ. ಪರದೆಯ ಎತ್ತರ ಅರವತ್ನಾಲ್ಕು. ಮೇಲಿನ ಸಾಲಿಗೆ ಹದಿನಾರು ಹೋದರೆ ಉಳಿದದ್ದು ನಲವತ್ತೆಂಟು. ಮೂರು ಸಾಲು ಮಾಡಿದ್ದೆ. ಎರಡೇ ಮಾಡಿದರೆ ಒಂದೊಂದಕ್ಕೂ ಇಪ್ಪತ್ನಾಲ್ಕು ಸಿಗುತ್ತದೆ — ಅಕ್ಷರಕ್ಕೆ ಹದಿನಾರು, ಕೆಳಗೆ ಎಂಟು. ಎಂಟು ಚುಕ್ಕಿಯಲ್ಲಿ ಒತ್ತು ಹಿಡಿಸಬೇಕು. ಸಾಲು ಕಡಿಮೆಯಾಗುತ್ತದೆ, ಆಗಲಿ. ಕಡಿಮೆ ಬರೆದರೂ ಪೂರ್ತಿ ಬರೆಯಲಿ.

ಇಷ್ಟು ಸುಲಭ ಇತ್ತು. ಆಗ ಹೊಳೆಯಲಿಲ್ಲ.

೨-೧೧-೮೮

‘ಲ’ದ ಒತ್ತು ಆಯಿತು, ‘ಪ’ದ್ದು ಆಯಿತು. ‘ಡ’ ಕಾಟ ಕೊಡುತ್ತಿದೆ, ಎಂಟು ಚುಕ್ಕಿಯಲ್ಲಿ ‘ದ’ದ ಒತ್ತಿನ ಹಾಗೇ ಕಾಣುತ್ತದೆ. ಒಂದು ಚುಕ್ಕಿ ತೆಗೆದೆ, ಬಾಲ ಒಂದು ಚುಕ್ಕಿ ಎಳೆದೆ. ಈಗ ಪರವಾಗಿಲ್ಲ. ‘ಣ’ ಮೂರು ಸಲ ಅಳಿಸಿದೆ. ಚನ್ನಮಲ್ಲಯ್ಯನವರು ಹಿಂದೆ ನಿಂತು, “ಅದು ‘ಣ’ ಅಲ್ಲಪ್ಪ, ಜಿರಲೆ” ಅಂತ ಹೇಳಿ ಹೋದರು. ನಾಲ್ಕನೆಯದು ಅವರಿಗೂ ಒಪ್ಪಿಗೆ.

೬-೧೧-೮೮, ಭಾನುವಾರ

ಗುಣಿತದ ಮನೆಯ ಕೊನೆಯಲ್ಲಿ ‘ಒತ್ತು’ ಅಂತ ಒಂದು ಚಿಹ್ನೆ ಇಟ್ಟಿದ್ದೇನೆ. ಅದನ್ನು ಆರಿಸಿದರೆ ಮುಂದಿನ ಅಕ್ಷರ ಕೆಳಗೆ ಕೂರುತ್ತದೆ. ಕರಿಯಕ್ಕನಿಗೆ ಒಮ್ಮೆ ತೋರಿಸಿದೆ. ಎರಡನೇ ಸಲ ತೋರಿಸಲು ಬಿಡಲಿಲ್ಲ, “ಹೇ!” ಅಂದಳು.

‘ಅ’. ಆಮೇಲೆ ‘ವ’. ಗೆರೆ ಗುಣಿತಕ್ಕೆ ಹೋಯಿತು, ಒತ್ತು. ಗೆರೆ ಮತ್ತೆ ಮೊದಲಿನಿಂದ ಹೊರಟಿತು, ಅ, ಕ, ಚ... ನಾವೆಲ್ಲ ಉಸಿರು ಹಿಡಿದಿದ್ದೆವು. ‘ಯ’. ಒತ್ತಿದಳು. ಯ, ರ, ಲ... ‘ವ’. ಒತ್ತಿದಳು.

ಭಾವ ಬಗ್ಗಿದ. ಒತ್ತಕ್ಷರಕ್ಕೇ ಶಾಲೆ ಬಿಟ್ಟ ಮನುಷ್ಯ. “ಅ... ವ... ಕೆಳಗಡೆ ಇನ್ನೊಂದು ವ. ಅವ... ವ... ಅವ್ವ.” ತಿರುಗಿ ನೋಡಿದ. “ಏ ಭೀಮಿ, ಅವ್ವ ಅಂತಾವ್ಳೆ ಕಣೇ. ನಿನ್ನ ಕೂಗ್ತಾವ್ಳೆ.”

ಅಕ್ಕ ಬಾಗಿಲ ಹತ್ತಿರ ನಿಂತಿದ್ದವಳು ಅಲ್ಲೇ ಕೂತಳು. ಆಮೇಲೆ ಮಂಡಿಯ ಮೇಲೆ ಸರಿದು ಬಂದು ಗಾಜಿಗೆ ಮುಖ ಹತ್ತಿರ ಇಟ್ಟಳು. “ಯಾವ್ದ್ಲಾ? ಇದಾ? ಇದಿಷ್ಟೂನಾ?” ಹೂಂ ಅಂದೆ. ಸೆರಗಿನ ತುದಿಯಿಂದ ಗಾಜನ್ನು ಒರೆಸಿದಳು. ಧೂಳೇನೂ ಇರಲಿಲ್ಲ.

“ಊಂ” ಅಂದಳು ಮಗಳಿಗೆ. “ಊಂ ಕಣವ್ವ. ಇಲ್ಲೇ ಇವ್ನಿ.”

೧೩-೧೧-೮೮, ಭಾನುವಾರ

ದೀಪಾವಳಿ ಆಯಿತು. ಆಶ್ರಮದ ಮಾತನ್ನು ಯಾರೂ ಎತ್ತುತ್ತಿಲ್ಲ. ದಾಸಣ್ಣ ಇವತ್ತು ಊಟದ ಮೇಲೆ, “ಆ ದಾವಣಗೆರೆ ವಿಚಾರ ಬುಟ್ಟಾಕಾನ” ಅಂದ. ಅಕ್ಕನಿಗೆ ಸಹಾಯಕ್ಕೆ ಬೆಳಿಗ್ಗೆ ಸಂಜೆ ತಾನೇ ಎತ್ತಿ ಇಳಿಸುತ್ತಾನಂತೆ. ಭಾವ ಚಕ್ರದ ಹಲಗೆ ಮಾಡಿಸುತ್ತಾನಂತೆ. ಎಲ್ಲರೂ ತಲೆ ಆಡಿಸಿದರು.

ನಾನೇ ತಡೆದೆ. “ಹೋಗು ಅಂದಾಗಲೂ ಅವಳನ್ನ ಕೇಳಲಿಲ್ಲ. ಈಗ ಬೇಡ ಅನ್ನೋವಾಗ್ಲಾದ್ರೂ ಕೇಳಿ ದಾಸಣ್ಣ. ಅವಳಿಗೇ ಹೋಗೋಕೆ ಇಷ್ಟ ಇದ್ರೆ?” ಅಕ್ಕ ಗಾಬರಿಯಿಂದ ನನ್ನನ್ನು ನೋಡಿದಳು.

ದಾಸಣ್ಣ ಅವಳ ಮುಂದೆ ಕೂತ. ಟವೆಲನ್ನು ಹೆಗಲಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡ, ದೊಡ್ಡವರ ಮುಂದೆ ಕೂರುವ ಹಾಗೆ. “ಕರಿಯವ್ವ. ಅಲ್ಲಿ ನಿನ್ನಂತೋರು ಅವ್ರಂತೆ. ಚೆನ್ನಾಗಿ ನೋಡ್ಕತಾರಂತೆ. ನೀ ಹೋಯ್ತೀಯೋ, ಇಲ್ಲೇ ಇರ್ತೀಯೋ? ನೀ ಹೆಂಗಂದ್ರೆ ಅಂಗೆ.”

ಗೆರೆ ಹೊರಟಿತು. ‘ದೊ’ ಬಂತು. ‘ಡ’, ಅದಕ್ಕೆ ಒತ್ತು. ನನ್ನ ‘ಡ’ದ ಬಾಲ ಚೆನ್ನಾಗಿಯೇ ಕಂಡಿತು. ‘ಪ’, ಅದಕ್ಕೂ ಒತ್ತು. ಭಾವ ಓದುತ್ತಾ ಬಂದ. “ದೊಡ್ಡಪ್ಪ...” ಒಲೆಯ ಮೇಲಿನ ಎಸರು ಉಕ್ಕಿ ಬೆಂಕಿಗೆ ಬಿದ್ದು ಚುಂಯ್ ಅಂತು, ಯಾರೂ ಏಳಲಿಲ್ಲ. “ಹೋ... ಗ... ಲಿ.”

ದೊಡ್ಡಪ್ಪ ಹೋಗಲಿ.

ಒಂದು ಕ್ಷಣ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಅಕ್ಕ ನಕ್ಕಳು. ಅಕ್ಕ ಜೋರಾಗಿ ನಕ್ಕದ್ದನ್ನು ಕೇಳಿ ಎಷ್ಟು ವರ್ಷವಾಗಿತ್ತು! ಸೊಂಟ ಹಿಡಿದುಕೊಂಡು ನಕ್ಕಳು. ದಾಸಣ್ಣ ನೆಲ ಗುದ್ದಿ ಗುದ್ದಿ ನಕ್ಕ. “ಆಯ್ತು ಕಣವ್ವ, ನಾನೇ ಹೋಯ್ತೀನಿ! ಅಲ್ಲಿ ಬೀಡಿ ಕೊಡ್ತಾರಾ ಕೇಳು!”

ಎಸರೆಲ್ಲ ಉಕ್ಕಿ ಹೋಗಿತ್ತು. ಮತ್ತೆ ಇಟ್ಟರು.

೨೦-೧೧-೮೮, ಭಾನುವಾರ. ಹಟ್ಟಿ, ಮಧ್ಯಾಹ್ನ

ಬೇವಿನ ಮರದ ಕೆಳಗೆ ಕೂತು ಬರೆಯುತ್ತಿದ್ದೇನೆ. ಬಿಸಿಲು ಹಿತವಾಗಿದೆ. ಕುರಿಗಳು ಇಲ್ಲೇ ಮಲಗಿವೆ. ಮಾಡುವ ಕೆಲಸ ಏನೂ ಇಲ್ಲ — ಹೀಗೆ ಅನ್ನಿಸಿ ಎಷ್ಟು ದಿನವಾಯಿತು.

ಜಗುಲಿಯಲ್ಲಿ ಪೆಟ್ಟಿಗೆಯ ಸುತ್ತ ಎಲ್ಲರೂ ಸೇರಿದ್ದಾರೆ. ಪಕ್ಕದ ಮನೆಯ ಹೆಂಗಸರೂ ಬಂದಿದ್ದಾರೆ. ಕರಿಯಕ್ಕ ಏನೋ ಉದ್ದಕ್ಕೆ ಬರೆಯುತ್ತಿದ್ದಾಳೆ, ಭಾವ ಒಂದೊಂದನ್ನೇ ಹಟ್ಟಿಗೆಲ್ಲ ಕೇಳುವ ಹಾಗೆ ಕೂಗುತ್ತಾನೆ. ನನಗೆ ಇಲ್ಲಿಂದಲೇ ಓದಿದ ಹಾಗೆ ಆಗುತ್ತಿದೆ.

“ಮಾ!”

“ವ!”

ನನ್ನ ವಿಷಯ. ಬ್ಯಾಟರಿ ಇಳಿದಿರಬೇಕು, ಅದಕ್ಕೆ ಕರೆಯುತ್ತಿದ್ದಾಳೆ. ಬೆಳಿಗ್ಗೆ ತಾನೇ ಚಾರ್ಜ್ ಮಾಡಿದ್ದು...

“ಸೊನ್ನೆ! ಗೆ! ಮಾವಂಗೆ!”

ಮಾವಂಗೆ ಏನು? ಊಟ ಹಾಕಿ ಅಂತಿರಬೇಕು. ಆಗಲೇ ಆಯಿತು. ಹೆಂಗಸರು ಯಾಕೆ ಹೀಗೆ ಕಿಸಕಿಸ ನಗುತ್ತಿದ್ದಾರೆ?

“ಹೆ!... ಣ!... ತಡೀರಿ, ಕೆಳಗಡೆ ಇನ್ನೊಂದು ಣ ಬತ್ತಾ ಐತೆ... ಹೆಣ್... ಹೆಣ್ಣು! ಲೇ ಅಂಜನ, ಬಾರ್ಲಾ ಇಲ್ಲಿ! ಮಾವಂಗೆ ಹೆಣ್ಣು ಅಂತಾವ್ಳೆ! ಇನ್ನೂ ಬರೀತಾವ್ಳೆ, ಊರ ಹೆಸ್ರಿರ್ಬೇಕು... ಕೊ... ರ... ಟ...”

ಅಯ್ಯೋ, ಅಕ್ಕ ಯಾರ ಹತ್ತಿರವೋ ಆಡಿದ ನನ್ನ ಮದುವೆ ಮಾತನ್ನೂ ಇವಳು ಕೇಳಿಸಿಕೊಂಡಿದ್ದಾಳೆ! ಇದನ್ನು ಈಗಲೇ ನಿಲ್ಲಿಸದಿದ್ದರೆ